ಮಗನ ಸ್ಥಾನದಲ್ಲಿ ಮಗಳು: ಬಸವಿ ಪದ್ಧತಿಯ ಹಿನ್ನೆಲೆ

ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳೊಬ್ಬಳನ್ನು ದೇವರಿಗೆ ಬಿಟ್ಟು, ಅವಳಿಗೇ ಮಗನ ಸ್ಥಾನ ಕೊಡುವ ಪದ್ಧತಿ ಉತ್ತರ ಕರ್ನಾಟಕದ ಹಲವೆಡೆ ರೂಢಿಯಲ್ಲಿತ್ತು. ಬಳ್ಳಾರಿ ಸೀಮೆಯಲ್ಲಿ ಅವಳು ಬಸವಿ. ಬೆಳಗಾವಿ ಜಿಲ್ಲೆಯಲ್ಲಿ ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವಳು ಜೋಗತಿ. ಹೀಗೆ ದೇವರಿಗೆ ಬಿಟ್ಟ ಮಗಳು ಮದುವೆಯಾಗಿ ಗಂಡನ ಮನೆಗೆ ಹೋಗುವಂತಿರಲಿಲ್ಲ. ತವರಿನಲ್ಲೇ ಉಳಿದು ತಂದೆತಾಯಿಯನ್ನು ಸಾಕುತ್ತಿದ್ದಳು, ಹೊಲಮನೆಗೆ ವಾರಸುದಾರಳಾಗುತ್ತಿದ್ದಳು, ಹೆತ್ತವರ ಅಂತ್ಯಕ್ರಿಯೆಯನ್ನೂ ಮಾಡುತ್ತಿದ್ದಳು. ಅವಳ ಮಕ್ಕಳು ಅಜ್ಜನ ಮನೆತನಕ್ಕೇ ಸೇರುತ್ತಿದ್ದರು.

ಈ ಏರ್ಪಾಟಿನ ಹಿಂದಿನ ತರ್ಕ ಹಳೆಯದು. ಮಹಾಭಾರತದಲ್ಲಿ ಮಣಲೂರಿನ ಅರಸ ಚಿತ್ರವಾಹನ ತನ್ನ ಒಬ್ಬಳೇ ಮಗಳು ಚಿತ್ರಾಂಗದೆಯನ್ನು ಮಗನೆಂದೇ ಎಣಿಸಿದ್ದ. ಅವಳಿಗೆ ಹುಟ್ಟುವ ಮಗ ತನ್ನ ವಂಶಕ್ಕೆ ಸೇರಬೇಕೆಂಬ ಕರಾರಿನ ಮೇಲೆ ಅರ್ಜುನನಿಗೆ ಕೊಟ್ಟ. ರಾಜ್‌ಕುಮಾರ್ ಅರ್ಜುನನಾಗಿಯೂ ಅವರ ಮಗ ಬಭ್ರುವಾಹನನಾಗಿಯೂ ನಟಿಸಿದ 1977ರ ‘ಬಭ್ರುವಾಹನ’ ಚಿತ್ರದಲ್ಲಿ ತಂದೆ ಮಗನ ಕಾಳಗವೇ ನೋಡುಗರ ನೆನಪಿನಲ್ಲಿ ಉಳಿದಿದೆ. ಆ ಮಗ ತಾಯಿಯ ನಾಡಿನಲ್ಲೇ ಬೆಳೆದದ್ದು ಅಜ್ಜನ ಈ ಕರಾರಿನಿಂದ.

ಮಗಳನ್ನು ಮಗನಾಗಿಸಲು ವೇಷ ತೊಡಿಸುವುದೂ ಉಂಟು. ಅಫ್ಘಾನಿಸ್ತಾನದ ‘ಒಸಾಮಾ’ (2003) ಚಿತ್ರದಲ್ಲಿ ಹೊಟ್ಟೆಪಾಡಿಗಾಗಿ ಹುಡುಗಿಯ ಕೂದಲು ಕತ್ತರಿಸಿ, ಹುಡುಗನ ವೇಷ ತೊಡಿಸಿ ಹೊರಗೆ ಕಳಿಸುತ್ತಾರೆ. ಬಸವಿಗೆ ವೇಷ ಬೇಕಿರಲಿಲ್ಲ. ಊರೆದುರು ನಡೆಯುವ ವಿಧಿಯೇ ಸಾಕಿತ್ತು. ಬಳ್ಳಾರಿ ಸೀಮೆಯಲ್ಲಿ ಆ ದಿನ ಹುಡುಗಿಯ ಪಕ್ಕದಲ್ಲಿ, ತುದಿಗೆ ನಿಂಬೆಹಣ್ಣು ಚುಚ್ಚಿದ ಕತ್ತಿಯನ್ನು ನೆಟ್ಟಗೆ ನಿಲ್ಲಿಸುತ್ತಿದ್ದರು. ಕತ್ತಿಯೇ ಮದುಮಗ. ಮದರಾಸು ಪ್ರಾಂತ್ಯದ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 19ನೇ ಶತಮಾನದ ಕೊನೆಯಲ್ಲಿ ಬಸವಿಯರ ಬಗ್ಗೆ ಬರೆದ ಲೇಖನದ ತಲೆಬರಹದಲ್ಲೇ, ಇವರು ಗಂಡಸರ ಹಕ್ಕುಗಳನ್ನು ಪಡೆಯುವ ಹೆಂಗಸರು ಎಂದಿದ್ದಾನೆ.

ಸವದತ್ತಿಯಲ್ಲಿ ಮುತ್ತೆಂದರೆ ಕೊರಳಿಗೆ ಕಟ್ಟುವ ಕೆಂಪು ಬಿಳಿ ಮಣಿಸರ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಬೆಳಗಾವಿ, ಖಾನಾಪುರದ ಕಡೆಯಿಂದಲೂ ಮಹಾರಾಷ್ಟ್ರದಿಂದಲೂ ಜನ ಗುಡ್ಡಕ್ಕೆ ಬರುತ್ತಾರೆ. ಅರಿಶಿನದ ಭಂಡಾರ ಹಾರುತ್ತದೆ, ಚೌಡಿಕೆ ವಾದ್ಯ ನುಡಿಯುತ್ತದೆ, ‘ಉಧೋ ಉಧೋ’ ಎಂಬ ಕೂಗು ಏಳುತ್ತದೆ. ತಲೆಯ ಮೇಲೆ ಜಗ (ದೇವಿಯ ಮೂರ್ತಿಯಿರುವ ಬುಟ್ಟಿ) ಹೊತ್ತು ಮನೆಮನೆಗೆ ಹೋಗಿ ಜೋಗ (ಭಿಕ್ಷೆ) ಬೇಡುವುದು ಜೋಗತಿಯ ಕರ್ತವ್ಯ. ಇಲ್ಲಿ ಗಂಡಸರನ್ನೂ ದೇವಿಗೆ ಬಿಡುತ್ತಿದ್ದರು. ಸೀರೆ ಉಡುವ ಜೋಗಪ್ಪನ ಬದುಕಿನ ಸಂಕಟವನ್ನು ಮರಾಠಿಯ ‘ಜೋಗ್ವಾ’ (2009) ಚಿತ್ರ ತೋರಿಸಿದೆ.

ಮಗನ ಸ್ಥಾನಕ್ಕೆ ತೆತ್ತ ಬೆಲೆ ಬಹಳ ದೊಡ್ಡದು. ಹರಕೆ ಹೊತ್ತವರು ಹಿರಿಯರು, ಮುತ್ತು ಕಟ್ಟಿದ್ದು ಏನೂ ಅರಿಯದ ಬಾಲೆಗೆ. ಇವರಲ್ಲಿ ಹೆಚ್ಚಿನವರು ಬಡ ದಲಿತ ಕುಟುಂಬದವರು. ಹೊಲವೇ ಇಲ್ಲದ ಮನೆಯಲ್ಲಿ ವಾರಸುದಾರಿಕೆಯಿಂದ ಬಂದದ್ದು ಸಂಸಾರ ಸಾಕುವ ಹೊರೆ ಮಾತ್ರ. ಊರ ಉಳ್ಳವರು ಅವಳ ಮೈಮೇಲೆ ಹಕ್ಕು ಸಾಧಿಸಿದರು. ಎಷ್ಟೋ ಮಂದಿ ಮುಂಬೈ, ಪುಣೆಯ ವೇಶ್ಯಾಗೃಹಗಳನ್ನು ಸೇರಿದರು. ಈ ಅನ್ಯಾಯವನ್ನು ಪದ್ಧತಿಯ ಹೆಸರಿನಲ್ಲಿ ಹಗುರ ಮಾಡುವಂತಿಲ್ಲ.

ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿದ್ದುದರಿಂದ ದೇವರಿಗೆ ಬಿಟ್ಟ ಹೆಣ್ಣುಮಕ್ಕಳನ್ನು ದೇವದಾಸಿಯರೆಂದು ಕರೆದ 1934ರ ಬಾಂಬೆ ದೇವದಾಸಿ ರಕ್ಷಣಾ ಕಾಯ್ದೆ ಇಲ್ಲಿಗೂ ಅನ್ವಯಿಸಿತು. ಮುತ್ತು ಕಟ್ಟುವುದು ಕಾನೂನುಬಾಹಿರವಾಯಿತು, ಮುತ್ತು ಕಟ್ಟಿಸಿಕೊಂಡವಳ ಮದುವೆಗೆ ಮಾನ್ಯತೆ ಸಿಕ್ಕಿತು. ಕರ್ನಾಟಕದ ಸ್ವಂತ ನಿಷೇಧ ಕಾಯ್ದೆ 1982ರದು. 1997ರಲ್ಲಿ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿ, ಮುತ್ತು ಕಟ್ಟುವುದನ್ನು ತಡೆಯುವ ಕೆಲಸಕ್ಕೆ ಇಳಿದರು.

ದೇವರಿಗೆ ಬಿಡದೆ ಮಗಳಿಗೆ ಮಗನಷ್ಟೇ ಪಾಲು ಕೊಡುವ ದಾರಿ ತೆರೆದದ್ದು ಇನ್ನೊಂದು ಕಾಯ್ದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಬಂತು. ಅದಕ್ಕೂ ಮೊದಲೇ ಮದುವೆಯಾಗಿದ್ದವರನ್ನು ಮಾತ್ರ ಅದು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಅಡ್ಡಿಯನ್ನೂ ತೆಗೆಯಿತು.