ಬುಟ್ಟಿಯ ಹಾವಿನ ಉಸಿರು

ಹಾವಾಡಿಗನ ಬಿದಿರು ಬುಟ್ಟಿಗೆ ಬಿದ್ದ ನಾಗರಹಾವು ಹೆಚ್ಚು ಕಾಲ ಬಾಳುತ್ತಿರಲಿಲ್ಲ. ಕೆಲವು ವಾರ, ಬಹಳವೆಂದರೆ ಕೆಲವು ತಿಂಗಳು. ಆಮೇಲೆ ಅದೇ ಬುಟ್ಟಿಗೆ ಇನ್ನೊಂದು ಹಾವು ಬರುತ್ತಿತ್ತು. ಹಸಿವು, ನೀರಡಿಕೆ, ಬಾಯಿಯ ಹುಣ್ಣು ಎಲ್ಲವೂ ಸೇರಿ ಅದನ್ನು ಕೊಲ್ಲುತ್ತಿದ್ದವು. ಇವುಗಳ ಬೆನ್ನಿಗೇ ಬರುವ ರೋಗವೆಂದರೆ ಶ್ವಾಸಕೋಶದ ಸೋಂಕು.

ಕರ್ನಾಟಕದ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಸೀಮೆ ಹಾವುಗಳಿಗೆ ಹೇಳಿ ಮಾಡಿಸಿದ ನೆಲ. ಮಳೆ ಕಡಿಮೆ, ಬಂಡೆಗುಡ್ಡ, ಕುರುಚಲು ಕಾಡು, ಹುಲ್ಲಿನ ಕಾವಲು, ಎಲ್ಲೆಡೆ ಹುತ್ತ. ಶೇಂಗಾ ಹೊಲಕ್ಕೆ ಇಲಿ, ಇಲಿಯ ಹಿಂದೆ ಹಾವು. ನಾಗರ, ಕೊಳಕುಮಂಡಲ, ಗರಗಸ ಮಂಡಲ, ಕೇರೆ, ಮಣ್ಣುಮುಕ್ಕ ಇವೆಲ್ಲ ಇಂಥ ಒಣ ಬಯಲಿನ ವಾಸಿಗಳು. ಹಗಲಿನ ಉರಿಬಿಸಿಲನ್ನೂ ಮಾಗಿಯ ರಾತ್ರಿಯ ಚಳಿಯನ್ನೂ ಇವು ತಾಳಿಕೊಳ್ಳುವುದು ಜಾಗ ಬದಲಿಸುವುದರಿಂದ. ಹಾವಿನ ಮೈಗೆ ತನ್ನದೇ ಆದ ಕಾವಿಲ್ಲ. ಬಿಸಿಲು ಬೇಕಾದಾಗ ಬಂಡೆ, ತಂಪು ಬೇಕಾದಾಗ ಬಿಲ. ಹುತ್ತದೊಳಗಿನ ಶಾಖ, ತೇವ ಹೆಚ್ಚು ಏರಿಳಿಯುವುದಿಲ್ಲ. ರೋಗವನ್ನು ಎದುರಿಸುವ ಶಕ್ತಿಯೂ ಮೈಯ ಕಾವನ್ನೇ ನೆಚ್ಚಿಕೊಂಡಿದೆ. ಬುಟ್ಟಿಯೊಳಗೆ ಈ ಆಯ್ಕೆ ಇಲ್ಲ.

ಈ ಸೀಮೆಯಲ್ಲಿ ಪ್ರಾಣಿಗಳ ಆರೈಕೆಗೆ ದೊಡ್ಡ ಪರಂಪರೆಯೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳಲ್ಲಿ ಜೀವಿಗಳ ಮೇಲಿನ ದಯೆ ದೃಢವಾಗಿರಬೇಕೆಂಬ ವಿಧಿಯಿದೆ. ಇಲ್ಲಿನ ಪಶುಪಾಲಕರಾದ ಮ್ಯಾಸಬೇಡರು ದೇವರ ಎತ್ತುಗಳ ಹಿಂಡನ್ನು ಅವನ್ನು ಕಾಯುವ ಕಿಲಾರಿಗಳ ಕೈಗೆ ಒಪ್ಪಿಸಿ ಕಾಪಾಡಿಕೊಂಡು ಬಂದಿದ್ದಾರೆ. ಚಳ್ಳಕೆರೆಯ ಕಾವಲುಗಳಲ್ಲಿ ಮೇಯುತ್ತಿದ್ದ ಅಮೃತಮಹಲ್ ದನಗಳ ಪಾಲನೆಗೆ ಟಿಪ್ಪು ಸುಲ್ತಾನನ ಹುಕುಂನಾಮೆಯೇ ಇತ್ತು. ಹಾವಿಗೆ ಮಾತ್ರ ಪೂಜೆ ಸಿಕ್ಕಿತು, ಆರೈಕೆ ಸಿಗಲಿಲ್ಲ. ನಾಗರಕಲ್ಲಿಗೆ ತನಿ ಎರೆಯುವುದು, ಕಡಿತಕ್ಕೆ ಬೇರು ತೇಯುವುದು, ಮಂತ್ರ ಹಾಕಿಸುವುದು ಎಲ್ಲವೂ ಇದ್ದವು. ಆದರೆ ಆ ಬೇರು, ಮಂತ್ರಗಳೆಲ್ಲ ಕಚ್ಚಿಸಿಕೊಂಡ ಮನುಷ್ಯನಿಗಾಗಿ. ಕಾಯಿಲೆ ಬಿದ್ದ ಹಾವಿಗೆ ಮದ್ದು ಹುಡುಕುವುದಕ್ಕಿಂತ ಹೊಸ ಹಾವು ಹಿಡಿಯುವುದು ಹಾವಾಡಿಗನಿಗೆ ಸುಲಭವಾಗಿತ್ತು.

ರೋಗಕ್ಕೆ ದಾರಿ ತೆರೆಯುತ್ತಿದ್ದುದು ಆಟದ ಸಿದ್ಧತೆಯೇ. ಹಿಡಿದ ಹಾವಿನ ವಿಷದ ಹಲ್ಲು ಕೀಳುತ್ತಿದ್ದರು, ಕೆಲವರು ಬಾಯಿಗೆ ಹೊಲಿಗೆ ಹಾಕುತ್ತಿದ್ದರು. ಗಾಯ ಕೀವುಗಟ್ಟುತ್ತಿತ್ತು. ಹಾವಿನ ಶ್ವಾಸನಾಳದ ಬಾಯಿ ಇರುವುದು ನಾಲಿಗೆಯ ಹತ್ತಿರ, ಕೆಳದವಡೆಯ ಮೇಲೆಯೇ. ಬಾಯಿಯ ಕೀವು ಅಲ್ಲಿಂದ ಒಳಗಿಳಿಯಲು ಹೆಚ್ಚು ಹೊತ್ತು ಬೇಡ. ಇಳಿದದ್ದನ್ನು ಹೊರಹಾಕುವುದೂ ಕಷ್ಟ. ಹಾವಿಗೆ ವಪೆಯಿಲ್ಲ, ಅದು ಪಕ್ಕೆಲುಬುಗಳ ಸ್ನಾಯುಗಳಿಂದ ಉಸಿರಾಡುತ್ತದೆ; ನಮ್ಮಂತೆ ಕೆಮ್ಮಿ ಕಫ ಕಕ್ಕಲಾರದು. ನಾಗರಹಾವಿನಲ್ಲಿ ಕೆಲಸ ಮಾಡುವುದು ಬಹುಮಟ್ಟಿಗೆ ಬಲ ಶ್ವಾಸಕೋಶವೊಂದೇ, ಎಡದ್ದು ಕುರುಹಿನಷ್ಟು. ಸರೀಸೃಪಗಳ ಕೀವು ಗಿಣ್ಣಿನಂತೆ ಗಟ್ಟಿಯಾಗಿ ಅಲ್ಲೇ ಕೂರುತ್ತದೆ.

ನಾಗರಪಂಚಮಿಯ ಹಾಲು ಇನ್ನೊಂದು ಕಾರಣ. ಹಾಲು ಹಾವಿನ ಆಹಾರವಲ್ಲ. ದಿನಗಟ್ಟಲೆ ನೀರು ಕೊಡದೆ ಇಟ್ಟ ಹಾವು ಬಾಯಾರಿ ಸಿಕ್ಕಿದ್ದನ್ನು ಕುಡಿಯುತ್ತದೆ. ಒತ್ತಾಯಿಸಿ ಕುಡಿಸಿದ ಹಾಲು ಶ್ವಾಸಕೋಶಕ್ಕೆ ನುಗ್ಗಿ ಉರಿಯೂತ ತರುತ್ತದೆ. ಭಕ್ತಿಯಿಂದ ಮಾಡಿದ ಸೇವೆ ಭಕ್ತಿಯ ವಸ್ತುವನ್ನೇ ಕೊಲ್ಲುತ್ತಿತ್ತು ಎಂಬುದು ಈ ಆಚರಣೆಯ ಅತ್ಯಂತ ನೋವಿನ ಭಾಗ. ಉಸಿರಾಟಕ್ಕೆ ತೊಡಕಾದ ಹಾವು ತಲೆಯನ್ನು ಮೇಲೆತ್ತಿ ಹಿಡಿಯುತ್ತದೆ, ಬಾಯಿ ತೆರೆಯುತ್ತದೆ, ಸೀಟಿಯಂಥ ಸದ್ದು ಮಾಡುತ್ತದೆ, ಮೂಗಿನಲ್ಲಿ ನೊರೆ ಬರುತ್ತದೆ. ಆಟ ನೋಡುತ್ತ ನಿಂತವರು ಇದನ್ನು ರೋಷವೆಂದು ತಿಳಿದಿದ್ದರೆ ಆಶ್ಚರ್ಯವಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ನಂತರದ ತಿದ್ದುಪಡಿಗಳು ಈ ವೃತ್ತಿಯನ್ನು ಕಾನೂನಿನ ಹೊರಗಿಟ್ಟವು. ತಲೆಮಾರುಗಳ ಜೀವನೋಪಾಯ ತಪ್ಪಿದವರಿಗೆ ಅದು ಕಠಿಣವೇ ಆಯಿತು. ಹಾವು ಹಿಡಿಯುವ ಕೌಶಲ ಬೇರೆ ರೀತಿಯಲ್ಲೂ ಬಾಳಬಹುದೆಂದು ತೋರಿಸಿದವರು ತಮಿಳುನಾಡಿನ ಇರುಳರು. 1978ರಲ್ಲಿ ಹುಟ್ಟಿದ ಅವರ ಸಹಕಾರ ಸಂಘ ಪರವಾನಗಿ ಪಡೆದು ಹಾವು ಹಿಡಿಯುತ್ತದೆ, ಮಣ್ಣಿನ ಮಡಕೆಗಳಲ್ಲಿ ಕೆಲವೇ ವಾರ ಇಟ್ಟು ವಿಷ ತೆಗೆಯುತ್ತದೆ, ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಮತ್ತೆ ಬಯಲಿಗೆ ಬಿಡುತ್ತದೆ. ಬುಟ್ಟಿಯಲ್ಲಿ ಸಾಯುವವರೆಗೆ ಇಡುವುದಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು.

ಬಂಧನದ ಹಾವಿನ ರೋಗಗಳನ್ನು ವೈದ್ಯಶಾಸ್ತ್ರ ಗಮನವಿಟ್ಟು ನೋಡತೊಡಗಿದ್ದೂ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಸೂಡೊಮೊನಾಸ್, ಏರೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳ ಜೊತೆಗೆ ವೈರಸ್ಸುಗಳೂ ಬೆಳಕಿಗೆ ಬಂದವು. 1972ರಲ್ಲಿ ಸ್ವಿಟ್ಜರ್ಲೆಂಡಿನ ಹಾವುಸಾಕಣೆಯೊಂದರಲ್ಲಿ ಮಂಡಲದ ಹಾವುಗಳು ಸಾಲಾಗಿ ಸತ್ತಾಗ ಪ್ಯಾರಾಮಿಕ್ಸೊ ಗುಂಪಿನ ವೈರಸ್ ಪತ್ತೆಯಾಯಿತು. 2014ರಲ್ಲಿ ಹೆಬ್ಬಾವುಗಳ ಶ್ವಾಸಕೋಶದಲ್ಲಿ ನಿಡೊವೈರಸ್ ಕಂಡಿತು. ಇಂದಿನ ಚಿಕಿತ್ಸೆಯಲ್ಲಿ ಮೊದಲ ಕೆಲಸ ಆ ಜಾತಿಗೆ ತಕ್ಕ ಶಾಖ ಮತ್ತು ನೀರು ಒದಗಿಸುವುದು. ಕಫವನ್ನು ಪರೀಕ್ಷಿಸಿ ಪಶುವೈದ್ಯರು ಔಷಧ ಆರಿಸುತ್ತಾರೆ. ಹಾವಿನ ದೇಹದಲ್ಲಿ ಔಷಧ ಕರಗಿ ಹೋಗುವುದು ಎಷ್ಟು ನಿಧಾನವೆಂದರೆ, ಸೆಫ್ಟಾಜಿಡಿಮ್ ಚುಚ್ಚುಮದ್ದನ್ನು ಸಾಮಾನ್ಯವಾಗಿ 72 ಗಂಟೆಗೊಮ್ಮೆ ಕೊಟ್ಟರೆ ಸಾಕು. ಹೊಸದಾಗಿ ಬಂದ ಹಾವನ್ನು ಎರಡು ಮೂರು ತಿಂಗಳು ಬೇರೆ ಇಡುವುದು ಮೃಗಾಲಯಗಳಲ್ಲೂ ಸಾಕಣೆದಾರರಲ್ಲೂ ರೂಢಿಯಾಯಿತು.

ಹಾವಾಡಿಗರು ಮರೆಯಾದರೂ ಬುಟ್ಟಿ ಮರೆಯಾಗಲಿಲ್ಲ. ಅದೃಷ್ಟ ತರುತ್ತದೆಂಬ ಮೂಢನಂಬಿಕೆಯಿಂದ ಮಣ್ಣುಮುಕ್ಕನನ್ನು ಎರಡು ತಲೆಯ ಹಾವೆಂದು ಕದ್ದು ಮಾರುವ ಜಾಲ ಕರ್ನಾಟಕ, ಆಂಧ್ರಗಳ ಒಣ ಜಿಲ್ಲೆಗಳಲ್ಲಿ ಬೆಳೆಯಿತು. ಚೀಲದಲ್ಲಿ ಕಟ್ಟಿ ಸಾಗಿಸಿದ ಈ ಹಾವುಗಳನ್ನೂ ಕಾಡುವುದು ಹಳೆಯ ಕಷ್ಟಗಳೇ. ದೇಶದ ಹಾವುಗಳನ್ನು ಮನೆಯಲ್ಲಿ ಸಾಕುವುದು ಅಪರಾಧ. ಹೊರದೇಶದ ಬಾಲ್ ಪೈಥಾನ್‌ನಂಥ ಜಾತಿಗಳನ್ನು ಇಟ್ಟುಕೊಂಡವರು 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಚಳ್ಳಕೆರೆಯ ಮನೆಯಂಗಳದಲ್ಲಿ ಸಿಕ್ಕ ಆರೋಗ್ಯವಂತ ಹಾವನ್ನು ಅರಣ್ಯ ಇಲಾಖೆಗೆ ತಿಳಿಸಿ ಹತ್ತಿರದ ಬಯಲಿಗೇ ಬೇಗ ಬಿಡಿಸಬೇಕು. ದಿನಗಟ್ಟಲೆ ಬಂಧನದಲ್ಲಿದ್ದು ಬಾಯಿಯಲ್ಲಿ ನೊರೆ ಕಂಡ ಹಾವನ್ನು ಹಾಗೆ ಬಿಟ್ಟರೆ ಅದರ ಸೋಂಕು ಕಾವಲಿನ ಇತರ ಹಾವುಗಳಿಗೂ ತಗಲಬಹುದಾದ್ದರಿಂದ, ಅದಕ್ಕೆ ಪಶುವೈದ್ಯರ ಪರೀಕ್ಷೆ, ಚಿಕಿತ್ಸೆ ಮೊದಲು, ಬಿಡುಗಡೆ ಆಮೇಲೆ.