ಹಳೆಯ ಮೋಟಾರುಗಳೂ ಬಿಡಿಭಾಗದ ಅಂಗಡಿಗಳೂ

ಊರಿನಿಂದ ನೆಂಟರಿಷ್ಟರು ಬಂದಾಗ ಚಾರ್‌ಮಿನಾರ್, ಸಾಲಾರ್‌ಜಂಗ್ ಮ್ಯೂಸಿಯಂಗಳನ್ನು ತೋರಿಸಿ, ಹಾಗೆಯೇ ಚೌಮಹಲ್ಲಾ ಅರಮನೆಗೂ ಕರೆದೊಯ್ಯುವುದು ನಮ್ಮಲ್ಲಿ ರೂಢಿ. ಅಲ್ಲಿರುವ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಗಾಡಿಯ ಮುಂದೆ ಎಲ್ಲರೂ ಒಂದು ಗಳಿಗೆ ನಿಲ್ಲುತ್ತಾರೆ. ಅದು 1912ರ ಗಾಡಿ. ಆರನೆಯ ನಿಜಾಮ ಮೀರ್ ಮೆಹಬೂಬ್ ಅಲಿ ಖಾನ್ ಅದಕ್ಕಾಗಿ ಬೇಡಿಕೆ ಸಲ್ಲಿಸಿ, ಗಾಡಿ ಬರುವ ಮೊದಲೇ 1911ರಲ್ಲಿ ತೀರಿಕೊಂಡ. ಇದರ ಬೆಲೆ ಎಷ್ಟು, ಇದರಲ್ಲಿ ಯಾರು ಯಾರು ಕುಳಿತಿದ್ದರು ಎಂದು ನೋಡುವವರು ಕೇಳುತ್ತಾರೆ. ವಿಜ್ಞಾನ ಓದಿದ ನನ್ನಂಥವನಿಗೆ ಹೊಳೆಯುವ ಸಂಶಯ ಬೇರೆ. ಇಷ್ಟು ವಯಸ್ಸಾದ ಗಾಡಿಯಲ್ಲಿ ಒಂದು ಬೋಲ್ಟು ತುಂಡಾದರೆ, ಒಂದು ವಾಷರು ಸವೆದರೆ ಅದನ್ನು ಎಲ್ಲಿಂದ ತರುತ್ತಾರೆ?

ಉತ್ತರ ನಾವು ವಾಸಿಸುವ ಮಾದಾಪುರದಲ್ಲಿ ಸಿಗುವುದಿಲ್ಲ. 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾಗುವವರೆಗೆ ಬಂಡೆ, ಕುರುಚಲು ಗಿಡಗಳ ನಡುವಿನ ಹಳ್ಳಿಯಂತಿದ್ದ ಈ ಜಾಗದಲ್ಲಿ ಇಂದು ಓಡುವ ಕಾರುಗಳೆಲ್ಲ ಹೊಸವು. ಏನಾದರೂ ಕೆಟ್ಟರೆ ಸರ್ವೀಸ್ ಸ್ಟೇಷನ್ನಿನವನು ಕಂಪ್ಯೂಟರಿನಲ್ಲಿ ಸಂಖ್ಯೆ ನೋಡಿ ಇಡೀ ಭಾಗವನ್ನೇ ಬದಲಿಸುತ್ತಾನೆ. ಹಳೆಯ ಗಾಡಿಯ ಉತ್ತರ ಬೇಕಾದರೆ ರಾಣಿಗಂಜ್ ಅಥವಾ ಪುತಲೀಬೌಲಿಯ ಕಡೆ ಹೋಗಬೇಕು. ಕವಾಡಿಗುಡದ ಕೇಂದ್ರ ಸರ್ಕಾರಿ ಕಚೇರಿಗಳಿಂದ ರಾಣಿಗಂಜ್ ಹೆಚ್ಚು ದೂರವಿಲ್ಲ. ಕಚೇರಿ ಬಿಟ್ಟಮೇಲೆ ಎಷ್ಟೋ ಸಲ ನಾನು ಆ ಬೀದಿಗಳಲ್ಲಿ ಹಾದುಹೋಗಿದ್ದೇನೆ. ಬೇರಿಂಗು, ಬೆಲ್ಟು, ನಟ್ಟು-ಬೋಲ್ಟುಗಳ ಆ ಸಣ್ಣ ಅಂಗಡಿಗಳಿಗೂ ಅರಮನೆಯ ಗಾಡಿಗೂ ನಂಟು ಬೆಳೆದ ಬಗೆ ಸ್ವಾರಸ್ಯವಾದ ಇತಿಹಾಸ.

ಮೋಟಾರು ನಮ್ಮ ದೇಶಕ್ಕೆ ಬಂದ ಮೊದಲ ದಶಕಗಳಲ್ಲಿ ಬಿಡಿಭಾಗಗಳೂ ಗಾಡಿಯಂತೆಯೇ ಹಡಗಿನಲ್ಲಿ ಬರುತ್ತಿದ್ದವು. 1926ರಲ್ಲಿ ಫೋರ್ಡ್ ಕಂಪನಿ ಭಾರತದಲ್ಲಿ ತನ್ನ ಶಾಖೆಯನ್ನು ಸ್ಥಾಪಿಸಿತು. 1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಗಾಡಿ ಜೋಡಿಸಲು ತೊಡಗಿತು. ಹೈದರಾಬಾದ್ ಸಂಸ್ಥಾನದಲ್ಲಿ 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸುಗಳೊಂದಿಗೆ ಆರಂಭವಾಯಿತು. ಬೀದರ್, ಕಲಬುರಗಿ, ರಾಯಚೂರುಗಳು ಅಂದು ಇದೇ ಸಂಸ್ಥಾನಕ್ಕೆ ಸೇರಿದ್ದವೆಂಬುದನ್ನು ನಾವು ಮರೆಯುವಂತಿಲ್ಲ. ಸ್ಕಾಟ್‌ಲೆಂಡಿನಲ್ಲಿ ತಯಾರಾದ ಆಲ್ಬಿಯನ್ ಬಸ್ಸುಗಳನ್ನು ಇಲ್ಲಿನ ಬಿಸಿಲು-ಧೂಳಿನಲ್ಲಿ ಓಡಿಸುತ್ತಿದ್ದವರು ಪ್ರತಿಯೊಂದು ಬುಷ್‌ಗೂ ಸಮುದ್ರದಾಚೆಗೆ ಕಾಗದ ಬರೆದು ಕಾಯುತ್ತ ಕೂರುವುದು ಸಾಧ್ಯವಿರಲಿಲ್ಲ. ಕಮ್ಮಾರಸಾಲೆಯೂ ಲೇತು ಯಂತ್ರವೂ ಮೋಟಾರಿನ ಜೊತೆಗೇ ಬೆಳೆದದ್ದು ಹೀಗೆ.

ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯದವರು ಬಿಟ್ಟುಹೋದ ಜೀಪು, ಲಾರಿ, ಬಿಡಿಭಾಗಗಳು 'ಡಿಸ್ಪೋಸಲ್' ಮಾಲಾಗಿ ಹರಾಜಿಗೆ ಬಂದವು. ಅವನ್ನು ಕೊಂಡು ಬಿಚ್ಚಿ ಮಾರುವುದೇ ಹಲವರ ಕಸುಬಾಯಿತು. ನಿಜವಾದ ತಿರುವು ಬಂದದ್ದು ಅದಾದ ಮೇಲೆ. ದೇಶದೊಳಗೇ ತಯಾರಿಸುವ ಯೋಜನೆ ಇಲ್ಲದೆ ಬರಿಯ ಜೋಡಣೆ ಮಾಡುವ ಕಂಪನಿಗಳಿಗೆ ಅವಕಾಶ ಬೇಡವೆಂದು 1953ರಲ್ಲಿ ಟ್ಯಾರಿಫ್ ಕಮಿಷನ್ ಶಿಫಾರಸು ಮಾಡಿತು. 1954ರ ಹೊತ್ತಿಗೆ ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಇಲ್ಲಿಂದ ಕಾಲ್ತೆಗೆದವು. ಆಮದಿಗೆ ಲೈಸೆನ್ಸ್ ಸಿಗುವುದು ದುಸ್ತರವಾಯಿತು. ದೇಶದ ತುಂಬ ಇದ್ದ ಷೆವರ್ಲೆ, ಬ್ಯೂಕ್, ಫೋರ್ಡ್ ಗಾಡಿಗಳು ಒಂದು ರೀತಿಯಲ್ಲಿ ತಬ್ಬಲಿಗಳಾದವು. ಈ ತಬ್ಬಲಿಗಳನ್ನು ಸಾಕಿದವರೇ ಬಿಡಿಭಾಗದ ಸಣ್ಣ ವ್ಯಾಪಾರಿಗಳು ಮತ್ತು ತಯಾರಕರು. ದೆಹಲಿಯ ಕಾಶ್ಮೀರಿ ಗೇಟ್, ಕಲ್ಕತ್ತೆಯ ಮಲ್ಲಿಕ್ ಬಜಾರ್, ಮದರಾಸಿನ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆ ಹಾಗೂ ಶಿವಾಜಿನಗರದ ಗುಜರಿ ಅಂಗಡಿಗಳು ಈ ಬಗೆಯ ವ್ಯಾಪಾರಕ್ಕೆ ಹೆಸರಾದ ಸ್ಥಳಗಳು.

ಇವರ ಕೆಲಸ ಗುಜರಿ ಮಾರುವಷ್ಟು ಸುಲಭವಲ್ಲ. ತಿರುಪಿನ ವಿಷಯವನ್ನೇ ನೋಡೋಣ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ ತಿರುಪಿನ ಥ್ರೆಡ್ಡಿಗೆ ಒಂದು ಮಾನಕವನ್ನು ಸೂಚಿಸಿದ. ಅದರ ಕೋನ 55 ಡಿಗ್ರಿ. ಈಗಿನ ಮೆಟ್ರಿಕ್ ತಿರುಪಿನ ಕೋನ 60 ಡಿಗ್ರಿ. ಎರಡೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಒಂದರ ನಟ್ಟನ್ನು ಇನ್ನೊಂದರ ಬೋಲ್ಟಿಗೆ ಬಲವಂತವಾಗಿ ತಿರುಗಿಸಿದರೆ ಎರಡು ಸುತ್ತು ಹೋಗಿ ಕಚ್ಚಿಕೊಂಡು ಥ್ರೆಡ್ಡೇ ಹಾಳಾಗುತ್ತದೆ. ಇನ್ನೂ ವಿಚಿತ್ರವೆಂದರೆ, ಹಳೆಯ ಕೆಲವು ಮಾರಿಸ್ ಮತ್ತು ಎಂ.ಜಿ. ಎಂಜಿನ್ನುಗಳಲ್ಲಿ ಬೋಲ್ಟಿನ ಥ್ರೆಡ್ ಮೆಟ್ರಿಕ್, ಅದರ ತಲೆ ಮಾತ್ರ ವಿಟ್ವರ್ತ್ ಸ್ಪ್ಯಾನರಿನ ಅಳತೆಗೆ! ಮಾರಿಸ್ ಕಂಪನಿ ಮೊದಲು ಫ್ರಾನ್ಸಿನ ಹಾಚ್ಕಿಸ್ ಯಂತ್ರಗಳಲ್ಲಿ ಎಂಜಿನ್ ಮಾಡಿಸಿದ್ದರ ಫಲ ಅದು. ಇಂಥ ಬೋಲ್ಟು ಯಾವ ಹೊಸ ಅಂಗಡಿಯಲ್ಲಿಯೂ ಸಿಗದು. ಅಳತೆ ತೆಗೆದು ಲೇತಿನಲ್ಲಿ ಒಂದೊಂದಾಗಿ ಮಾಡಿಕೊಡಬೇಕು.

ಎರಕದ ಕೆಲಸವೂ ಹಾಗೆಯೇ. ಮುರಿದ ಭಾಗವನ್ನೇ ಮರಳಿನಲ್ಲಿ ಅಚ್ಚೊತ್ತಿ ಲೋಹ ಸುರಿದರೆ ಸಾಕೆಂದು ನಮಗೆ ತೋರಬಹುದು. ಆದರೆ ಲೋಹ ಆರುವಾಗ ಕುಗ್ಗುತ್ತದೆ. ಬೀಡುಕಬ್ಬಿಣ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗಿದರೆ, ಅಲ್ಯೂಮಿನಿಯಂ ಅದಕ್ಕಿಂತ ತುಸು ಹೆಚ್ಚು. ಆದುದರಿಂದ ಮರದ ಮಾದರಿಯನ್ನು ಆ ಲೆಕ್ಕಕ್ಕೆ ತಕ್ಕಂತೆ ದೊಡ್ಡದಾಗಿ ಕೆತ್ತಬೇಕು. ಹಳೆಯ ಎಂಜಿನ್ನುಗಳ ಬೇರಿಂಗುಗಳಿಗೆ 1839ರಲ್ಲಿ ಐಸಾಕ್ ಬ್ಯಾಬಿಟ್ ಕಂಡುಹಿಡಿದ ತವರ ಪ್ರಧಾನವಾದ ಬಿಳಿ ಮಿಶ್ರಲೋಹವನ್ನು ಕರಗಿಸಿ ಸುರಿದು, ಷಾಫ್ಟಿನ ಅಳತೆಗೆ ಹೆರೆದು ಕೂಡಿಸಬೇಕು. ಈ ವಿದ್ಯೆಯನ್ನು ಪುಸ್ತಕದಿಂದ ಕಲಿತವರು ಕಡಿಮೆ, ಉಸ್ತಾದನ ಬಳಿ ಕಲಿತವರೇ ಹೆಚ್ಚು.

ದೊಡ್ಡ ಕಾರ್ಖಾನೆ ಇದನ್ನೆಲ್ಲ ಏಕೆ ಮಾಡುವುದಿಲ್ಲವೆಂದು ಕೇಳಬಹುದು. ಅಚ್ಚಿನ ಖರ್ಚು ಲಕ್ಷಗಟ್ಟಲೆ ಭಾಗಗಳ ಮೇಲೆ ಹಂಚಿಹೋದರೆ ಮಾತ್ರ ಅದಕ್ಕೆ ಲಾಭ. ದೇಶದಲ್ಲೆಲ್ಲ ಸೇರಿ ಇಪ್ಪತ್ತು ಜನಕ್ಕೆ ಬೇಕಾಗುವ ವಸ್ತುವನ್ನು ಮಾಡಲು ಚಿಕ್ಕ ಅಂಗಡಿಯೇ ಬೇಕು. ಹೊರದೇಶಗಳಲ್ಲೂ ಇದೇ ಕಥೆ. ಹಳೆಯ ಬ್ರಿಟಿಷ್ ಗಾಡಿಗಳ ಎಸ್.ಯು. ಕಾರ್ಬುರೇಟರುಗಳನ್ನು ಇಂಗ್ಲೆಂಡಿನ ಸಾಲ್ಸ್‌ಬರಿಯ ಬರ್ಲೆನ್ ಎಂಬ ಸಂಸ್ಥೆ ಇಂದಿಗೂ ತಯಾರಿಸುತ್ತಿದೆ. 1958ರಲ್ಲಿ ಅಮೆರಿಕೆಯಲ್ಲಿ ಆರಂಭವಾದ ಕೋಕರ್ ಟೈರ್ ಸಂಸ್ಥೆ ಹಳೆಯ ಅಳತೆಯ ಟೈರುಗಳಿಗೇ ಹೆಸರಾಯಿತು. ಇಂಗ್ಲೆಂಡಿನ ಬ್ಯೂಲಿ ಎಂಬಲ್ಲಿ 1967ರಿಂದ ಹಳೆಯ ಬಿಡಿಭಾಗಗಳ ಸಂತೆಯೇ ನಡೆಯುತ್ತ ಬಂದಿದೆ.

ನಾವು ಹೆಮ್ಮೆಪಡಬೇಕಾದ ಸಂಗತಿಯೊಂದುಂಟು. ನಮ್ಮ ಅಂಬಾಸಡರ್ ಮೂಲತಃ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿ. ಅಲ್ಲಿ ನಿಂತುಹೋದ ಎಷ್ಟೋ ವರ್ಷಗಳ ಮೇಲೂ ಇಲ್ಲಿ 2014ರವರೆಗೆ ಅದರ ತಯಾರಿಕೆ ನಡೆಯಿತು. ಅದರಿಂದಾಗಿ ಆಕ್ಸ್‌ಫರ್ಡ್ ಇಟ್ಟುಕೊಂಡ ಇಂಗ್ಲಿಷರು ಬಿಡಿಭಾಗಕ್ಕಾಗಿ ಭಾರತದ ಕಡೆ ನೋಡುವಂತಾಯಿತು. 1955ರಿಂದ ಮದರಾಸಿನಲ್ಲಿ ತಯಾರಾಗುತ್ತ ಬಂದ ಎನ್‌ಫೀಲ್ಡ್ ಬುಲೆಟ್ಟಿನ ಕಥೆಯೂ ಇದೇ. ಹಡಗಿನಲ್ಲಿ ಬರುತ್ತಿದ್ದ ವಸ್ತು ಹಡಗಿನಲ್ಲೇ ಹಿಂತಿರುಗಿ ಹೋಯಿತು!

ಕರ್ನಾಟಕದ ಪಾಲೂ ಕಡಿಮೆಯದಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೋ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ ದೇಶದ ಮೂಲೆಮೂಲೆಗೂ ತಲುಪಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿನ ಜಾವಾ, ಯೆಜ್ಡಿ ಮೋಟಾರು ಸೈಕಲುಗಳು ಇನ್ನೂ ರಸ್ತೆಯಲ್ಲಿವೆ. ಕಾರ್ಖಾನೆ ಹೋದ ಮೇಲೂ ಕೇಬಲ್ಲು, ಪಿಸ್ಟನ್, ರಬ್ಬರು ಮಾಡಿಕೊಡುವವರು ಉಳಿದದ್ದೇ ಅದಕ್ಕೆ ಕಾರಣ. ಧರ್ಮಸ್ಥಳಕ್ಕೆ ಹೋದಾಗ ಶ್ರೀ ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿರುವ ಹಳೆಯ ಕಾರುಗಳನ್ನು ನೋಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಮುಂದಿನ ಸಲ ಹೋದಾಗ ಆ ಹೊಳಪಿನ ಹಿಂದಿರುವ ಹೆಸರಿಲ್ಲದ ಕೈಗಳನ್ನೂ ಒಮ್ಮೆ ನೆನೆಯಬಹುದು.

ಸರ್ಕಾರವೂ ಹಳೆಯ ಗಾಡಿಗಳಿಗೆ ಒಂದು ಸ್ಥಾನ ಕೊಟ್ಟಿದೆ. ಕೇಂದ್ರ ಸಾರಿಗೆ ಮಂತ್ರಾಲಯ 2021ರಲ್ಲಿ ಹೊರಡಿಸಿದ ನಿಯಮದಂತೆ, ಮೂಲರೂಪ ಕೆಡದ 50 ವರ್ಷಕ್ಕೆ ಮೇಲ್ಪಟ್ಟ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ಸ್ವಂತ ವಾಹನಗಳು 'ವಿಎ' ಅಕ್ಷರವುಳ್ಳ ಸಂಖ್ಯೆ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದಿನನಿತ್ಯದ ಓಡಾಟಕ್ಕೆ ಅವನ್ನು ಬಳಸುವಂತಿಲ್ಲ.

ಆದರೆ ನೋಂದಣಿ ಚೀಟಿಯಿಂದ ಎಂಜಿನ್ ಓಡುವುದಿಲ್ಲ. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಬೆರೆಸುವುದು ದೇಶದಲ್ಲೆಲ್ಲ ಸಾಮಾನ್ಯವಾಯಿತು. ಎಥನಾಲ್ ತೇವವನ್ನು ಹೀರುತ್ತದೆ, ಹಳೆಯ ರಬ್ಬರು ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ಮೊದಲಿನ ಗಾಡಿಗಳಲ್ಲಿ ಪೆಟ್ರೋಲಿನ ಮೇಲೆ ತೇಲುವ ಬೆಂಡಿನ ತುಂಡಿಗೆ ಅರಗಿನ ಲೇಪವಿರುತ್ತಿತ್ತು. ಅರಗು ಆಲ್ಕೋಹಾಲಿನಲ್ಲಿ ಕರಗುವುದೆಂದು ಶಾಲೆಯ ರಸಾಯನಶಾಸ್ತ್ರ ಓದಿದವರಿಗೂ ಗೊತ್ತು. ಎಥನಾಲ್ ತಡೆಯುವ ಕೊಳವೆ, ಪಂಪಿನ ಡಯಾಫ್ರಮ್, ಗ್ಯಾಸ್ಕೆಟ್‌ಗಳನ್ನು ಹಳೆಯ ಅಳತೆಗೆ ಮಾಡಿಕೊಡುವವರು ಇಲ್ಲದಿದ್ದರೆ ಈ ಗಾಡಿಗಳು ನಿಂತಲ್ಲೇ ಬೊಂಬೆಗಳಾಗುತ್ತವೆ.

ಹೀಗೆ ಈ ಕಸುಬಿನ ಅಗತ್ಯ ಹೆಚ್ಚುತ್ತಿರುವಾಗಲೇ ಕಸುಬುದಾರರು ಕಡಿಮೆಯಾಗುತ್ತಿದ್ದಾರೆ. ಲೇತಿನ ಮುಂದೆ ದಿನವಿಡೀ ನಿಂತು ದುಡಿದವನು ತನ್ನ ಮಗ ಮಾದಾಪುರದ ತಂಪು ಕಟ್ಟಡದಲ್ಲಿ ಕುಳಿತು ಕೆಲಸ ಮಾಡಲೆಂದು ಬಯಸುವುದು ಸಹಜ. ಹೊಲ-ಮನೆ ಬಿಟ್ಟು ನೌಕರಿಗಾಗಿ ಇಲ್ಲಿಗೆ ಬಂದ ನಾವು ಅದನ್ನು ತಪ್ಪೆನ್ನಲಾಗದು. ಆದರೆ ಆ ಕೈ ನಿಂತಾಗ ಅದರ ಅಳತೆ, ಅಂದಾಜು, ಕಿವಿಯಿಂದಲೇ ದೋಷ ಹಿಡಿಯುವ ಅನುಭವ ಎಲ್ಲವೂ ಅದರೊಂದಿಗೆ ಹೋಗುತ್ತದೆ.

ನಮ್ಮ ಕೈಲಾಗುವ ಒಂದೆರಡು ಕೆಲಸಗಳಿವೆ. ಊರಿನ ಹಳೆಯ ಮನೆಯ ಕೊಟ್ಟಿಗೆಯಲ್ಲಿ ತಾತನ ಕಾಲದ ಗಾಡಿಯೋ, ಡಬ್ಬದಲ್ಲಿ ಬಿಡಿಭಾಗಗಳೋ ಇದ್ದರೆ ತೂಕಕ್ಕೆ ಹಾಕುವ ಮುನ್ನ ಬಲ್ಲವರಿಗೆ ತೋರಿಸಿ. ಕೈಪಿಡಿ, ಪಟ್ಟಿ ಪುಸ್ತಕ ಸಿಕ್ಕರೆ ರದ್ದಿಗೆ ಹಾಕಬೇಡಿ, ಅದರಲ್ಲಿರುವ ಒಂದು ಅಳತೆ ಒಬ್ಬ ಲೇತಿನವನಿಗೆ ಎಂಟು ದಿನದ ಕೆಲಸವನ್ನು ಉಳಿಸೀತು. ಅವನು ಹೇಳಿದ ಕೂಲಿಗೆ ಹೊಸ ಬೋಲ್ಟಿನ ಬೆಲೆಯನ್ನು ಹೋಲಿಸಿ ಚೌಕಾಸಿ ಮಾಡುವುದು ನ್ಯಾಯವಲ್ಲ. ಇಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಒಂದು ರಜಾದಿನ ರಾಣಿಗಂಜಿಗೂ ಕರೆದುಕೊಂಡು ಹೋಗಿ. ಪಾಠದಲ್ಲಿ ಓದಿದ್ದನ್ನು ಬದುಕಿಗಾಗಿ ಬಳಸುವ ಜನರನ್ನು ಅವರು ಅಲ್ಲಿ ನೋಡುತ್ತಾರೆ.