ಮೊದಲ ಸ್ಥಾನ ಯಾವ ಪಟ್ಟಿಯಲ್ಲಿ?



2007ರ ಹೊತ್ತಿಗೆ ಅಮೆರಿಕದಲ್ಲಿದ್ದವರು ಅಂಗಡಿಗಳಲ್ಲಿ ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇ ಡಿಸ್ಕುಗಳನ್ನು ಅಕ್ಕಪಕ್ಕದಲ್ಲೇ ನೋಡಿರುತ್ತೀರಿ. ಗಾತ್ರ ಒಂದೇ, ಆದರೆ ಒಂದರ ಪ್ಲೇಯರಿನಲ್ಲಿ ಇನ್ನೊಂದು ಓಡುತ್ತಿರಲಿಲ್ಲ. ಯಾವುದನ್ನು ಕೊಂಡರೆ ದುಡ್ಡು ದಂಡವಾಗದು ಎಂದು ತಿಳಿಯಲು ಜನ ಮಾರಾಟದ ಪಟ್ಟಿಗಳನ್ನು ನೋಡುತ್ತಿದ್ದರು. ಆ ಪಟ್ಟಿಗಳನ್ನು ಹೇಗೆ ಓದಬೇಕಿತ್ತು ಎಂಬುದೇ ನನ್ನ ಇಂದಿನ ವಿಷಯ.

ಅಮೆಜಾನಿನ ಶ್ರೇಯಾಂಕ ನಮ್ಮ ಎಸ್ಸೆಸ್ಸೆಲ್ಸಿ ರ‍್ಯಾಂಕಿನಂತೆ. ಮೊದಲನೆಯವನಿಗೂ ಎರಡನೆಯವನಿಗೂ ಅಂತರ ಒಂದು ಅಂಕವೋ ಹತ್ತೋ, ಪಟ್ಟಿ ಹೇಳುವುದಿಲ್ಲ. ನೀಲ್ಸನ್ ಸಂಸ್ಥೆಯ ವಾರದ ವರದಿ ಶೇಕಡಾವಾರು ಪಾಲು ಕೊಡುತ್ತಿತ್ತು. 2007ರಲ್ಲಿ ಬ್ಲೂ-ರೇ ಸುಮಾರು ಎರಡಕ್ಕೆ ಒಂದರಂತೆ ಮುಂದಿತ್ತು. ಆದರೆ ಸಾಮಾನ್ಯ ಡಿವಿಡಿಯ ಮುಂದೆ ಇವೆರಡೂ ಸೇರಿದರೂ ಲೆಕ್ಕಕ್ಕಿರಲಿಲ್ಲ.

ಪ್ಲೇಯರುಗಳ ಲೆಕ್ಕ ಇನ್ನೂ ಗೋಜಲು. ತೋಷಿಬಾದ ಮೊದಲ ಎಚ್‌ಡಿ ಡಿವಿಡಿ ಪ್ಲೇಯರಿಗೆ 499 ಡಾಲರ್, ಸ್ಯಾಮ್‌ಸಂಗಿನ ಬ್ಲೂ-ರೇಗೆ ಅದರ ದುಪ್ಪಟ್ಟು. ಬರೀ ಪ್ಲೇಯರುಗಳನ್ನು ಎಣಿಸಿ ತೋಷಿಬಾ ಪಾಳಯ ತಾನೇ ಮುಂದೆ ಎಂದಿತು. ಸೋನಿ ಪಾಳಯ 2006ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 3ನ್ನೂ ಸೇರಿಸಿ ಎಣಿಸಿತು. ಆ ಆಟದ ಯಂತ್ರದಲ್ಲೇ ಬ್ಲೂ-ರೇ ಅಡಗಿತ್ತಲ್ಲ!

ಡಿಸ್ಕುಗಳ ಪಟ್ಟಿಯಲ್ಲೂ ಒಂದು ತೊಡಕಿತ್ತು. ಸೋನಿ, ಡಿಸ್ನಿ, ಫಾಕ್ಸ್ ಬ್ಲೂ-ರೇ ಕಡೆ. ಯೂನಿವರ್ಸಲ್, 2007ರ ಆಗಸ್ಟಿನಿಂದ ಪ್ಯಾರಾಮೌಂಟ್ ಇನ್ನೊಂದು ಕಡೆ. 'ಟ್ರಾನ್ಸ್‌ಫಾರ್ಮರ್ಸ್' ಆ ವರ್ಷ ಎಚ್‌ಡಿ ಡಿವಿಡಿಯಲ್ಲಿ ಮಾತ್ರ ಬಂತು. ಅದರ ಶ್ರೇಯಾಂಕ ಅಳೆದದ್ದು ಚಿತ್ರದ ಜನಪ್ರಿಯತೆಯನ್ನೋ ಡಿಸ್ಕಿನದನ್ನೋ?

ಒಂದೇ ಚಿತ್ರವನ್ನು ಎರಡರಲ್ಲೂ ಮಾರಿದಾಗಲಷ್ಟೇ ಹೋಲಿಕೆ ನ್ಯಾಯವಾದದ್ದು. ವರ್ಷದ ಕೊನೆಗೆ ಹಾಗೆ ಮಾರುತ್ತಿದ್ದ ದೊಡ್ಡ ಸ್ಟುಡಿಯೋ ವಾರ್ನರ್ ಒಂದೇ. ಹಾಗಾಗಿ ನನ್ನ ದೃಷ್ಟಿಯಲ್ಲಿ, ಹೊರಗಿನ ಎಲ್ಲ ಪಟ್ಟಿಗಳಿಗಿಂತ ವಾರ್ನರ್‌ನ ಸ್ವಂತ ಲೆಕ್ಕದ ಪುಸ್ತಕಕ್ಕೇ ತೂಕ ಹೆಚ್ಚು. 2008ರ ಜನವರಿ 4ರಂದು ವಾರ್ನರ್ ಇನ್ನು ಬ್ಲೂ-ರೇ ಮಾತ್ರ ಎಂದು ಘೋಷಿಸಿತು. ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್, ಬೆಸ್ಟ್ ಬೈ, ವಾಲ್‌ಮಾರ್ಟ್ ಅದೇ ದಾರಿ ಹಿಡಿದವು. 19ರಂದು ತೋಷಿಬಾ ಕೈಚೆಲ್ಲಿತು.

ಹಿಂದಿನ ನವೆಂಬರಿನಲ್ಲಷ್ಟೇ ವಾಲ್‌ಮಾರ್ಟ್ ತೋಷಿಬಾ ಪ್ಲೇಯರನ್ನು ನೂರು ಡಾಲರಿಗಿಂತ ಕಡಿಮೆಗೆ ಮಾರಿತ್ತು. ಅಗ್ಗವೆಂದು ಕೊಂಡವರಿಗೆ ನಾಲ್ಕು ತಿಂಗಳೂ ತುಂಬುವ ಮೊದಲೇ ಹೊಸ ಚಿತ್ರಗಳ ಬಾಗಿಲು ಮುಚ್ಚುವ ಸುದ್ದಿ ಬಂತು. ಬೆಸ್ಟ್ ಬೈ ತನ್ನಲ್ಲಿ ಎಚ್‌ಡಿ ಡಿವಿಡಿ ಪ್ಲೇಯರ್ ಕೊಂಡವರಿಗೆ 50 ಡಾಲರಿನ ಗಿಫ್ಟ್ ಕಾರ್ಡ್ ಕೊಟ್ಟಿತು.